ಅಂಗಳದ ಗರಿಕೆಗೆ ಮಣ್ಣು ಏರಿಸಿದ್ದು

ಶಿರಸಿ
ಅಕ್ಟೋಬರ್ 12, 2025, ಭಾನುವಾರ

ಬಿಸಿಲು ಬಿದ್ದಿದೆ, ನೆಲದಲ್ಲಿ ಇನ್ನೂ ಹಸಿ ಇದೆ, ಗರಿಕೆ ಚಿಗುರುತ್ತಿದೆ. ಘಟ್ಟದ ಮೇಲಿನ ನಮ್ಮ ಕಡೆ ಹುಲ್ಲುಹಾಸಿನ ಉಬ್ಬುತಗ್ಗು ಸರಿಪಡಿಸಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಜೂನ್‌ನಲ್ಲಿ ಹಾಕಿದ ಮಣ್ಣು ಮೊದಲ ಜಡಿಮಳೆಗೇ ಗಟಾರ ಸೇರುತ್ತದೆ. ಏಪ್ರಿಲ್‌ನಲ್ಲಿ ಹಾಕಿದರೆ ತೋಯಿಸಲು ಬಾವಿಯಲ್ಲಿ ನೀರು ಸಾಲುವುದಿಲ್ಲ. ಡಿಸೆಂಬರ್ ಹೊತ್ತಿಗೆ ಚಳಿ ಬಿದ್ದು ಗರಿಕೆ ಮಂಕಾಗಿರುತ್ತದೆ, ಮೇಲೆ ಬಿದ್ದ ಮಣ್ಣನ್ನು ಸೀಳಿಕೊಂಡು ಬರುವ ಕಸುವು ಆಗ ಅದಕ್ಕಿರುವುದಿಲ್ಲ. ಮೇಲಾಗಿ ದೊಡ್ಡಹಬ್ಬ, ಅಂದರೆ ದೀಪಾವಳಿ ಮುಗಿದು ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾಯಿತೆಂದರೆ ಮನೆಯಲ್ಲಿ ಯಾರಿಗೂ ಈ ಕಡೆ ತಿರುಗಿ ನೋಡಲು ಪುರಸೊತ್ತಿಲ್ಲ. ಹಾಗಾಗಿ ಇವತ್ತೇ ಕೈ ಹಚ್ಚಿದೆವು.

ಅಡಿಕೆ ಒಣಗಿಸುವ ಅಂಗಳ ಬೇರೆ. ಇದು ಮನೆಯ ಮೂಡಣ ಬದಿಗಿರುವ ಹುಲ್ಲಿನ ಅಂಗಳ. ಅಪ್ಪಯ್ಯ ದಿನಾ ಬೆಳಿಗ್ಗೆ ಕೋಲು ಹಿಡಿದು ಬರಿಗಾಲಲ್ಲಿ ಓಡಾಡುವುದು ಇಲ್ಲೇ. ವಯಸ್ಸಾದವರ ಕಾಲಿಗೆ ಎರಡು ಬೆರಳಿನಷ್ಟು ತಗ್ಗೂ ಸಾಕು, ಹೆಜ್ಜೆ ತಪ್ಪಿಬಿಡುತ್ತದೆ. ಹುಲ್ಲು ಮುಚ್ಚಿದ ತಗ್ಗಂತೂ ಕಣ್ಣಿಗೇ ಬೀಳುವುದಿಲ್ಲ. ಅಂಗಳ ಚಂದ ಕಾಣಲಿ ಎನ್ನುವುದು ಆಮೇಲಿನ ಮಾತು. ಅಪ್ಪಯ್ಯ ಅಂಜಿಕೆಯಿಲ್ಲದೆ ಕಾಲಿಡುವಂತಾಗಬೇಕು, ನನಗೆ ಮುಖ್ಯವಾದದ್ದು ಅದು.

ಎಲ್ಲಿ ತಗ್ಗಿದೆ ಎಂದು ಹುಡುಕಲು ಮಳೆಗಾಲವೇ ಸರಿ. ಆಗಸ್ಟ್‌ನಲ್ಲಿ ಮಳೆ ಹೊಳವಾದಾಗಲೆಲ್ಲ ಹೋಗಿ ನೋಡಿ, ಒಂದು ತಾಸಾದರೂ ನೀರು ಇಂಗದೆ ನಿಂತ ಕಡೆ ಗೂಟ ಹೊಡೆದು ಬಂದಿದ್ದೆ. ಇವತ್ತು ಆ ಗೂಟಗಳಿಗೆ ದಾರ ಕಟ್ಟಿ ಮೇಸ್ತ್ರಿಗಳ ಲೆವೆಲ್ ಪೈಪಿನಲ್ಲಿ ನೀರು ತುಂಬಿ ಅಳತೆ ತೆಗೆದೆವು. ಸಮ ಮಾಡುವುದೆಂದರೆ ಕೇರಂ ಬೋರ್ಡಿನಂತೆ ಮಾಡುವುದಲ್ಲ. ನಮ್ಮಲ್ಲಿ ಬೀಳುವ ಮಳೆಗೆ ಪೂರಾ ಸಪಾಟಾದ ನೆಲ ಕೆರೆಯಾಗುತ್ತದೆ. ಗೋಡೆಯಿಂದ ಆಚೆಗೆ ಒಂದು ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಬೇಕೇ ಬೇಕು. ಕಣ್ಣಿಗೆ ಅದು ಗೊತ್ತೂ ಆಗುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ತೋಟದಲ್ಲಿ ಬಸಿಗಾಲುವೆ ತೆಗೆಯದೆ ಅಡಿಕೆ ಬೆಳೆಯಲು ಹೊರಡುವವರು ನಮ್ಮಲ್ಲಿ ಯಾರೂ ಇಲ್ಲ. ಹುಲ್ಲಿನ ಬೇರಿಗೂ ನೀರು ಬಸಿದು ಹೋಗಲೇಬೇಕು.

ಗೋಡೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯೊಬ್ಬರು ಮೊನ್ನೆ, "ಹೆಗಡೇರೆ, ಇಷ್ಟೆಲ್ಲ ಎಂತಕ್ಕೆ? ರೋಲರ್ ಹೊಡ್ಸಿಬಿಡಿ, ಒಂದೇ ದಿನಕ್ಕೆ ಸಪಾಟ ಆಗ್ತದೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಈ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ರೋಲರ್ ಉಬ್ಬನ್ನು ಅದುಮುತ್ತದೆ, ತಗ್ಗನ್ನು ಮೇಲೆತ್ತುವುದಿಲ್ಲ. ನಮ್ಮ ಜಂಬುಮಣ್ಣು (ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು) ಹಸಿಯಿದ್ದಾಗ ಅದರ ಮೇಲೆ ಭಾರ ಉರುಳಿಸಿದರೆ ಕಣಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಬೇರಿಗೆ ಗಾಳಿಯಿಲ್ಲ, ನೀರು ಇಂಗುವುದಿಲ್ಲ. ಅಂಥ ಕಡೆ ಹುಲ್ಲು ಸೊರಗಿ, ಜಾಗವನ್ನು ಪಾಚಿ ಹಿಡಿಯುತ್ತದೆ. ಹೊಸದಾಗಿ ಹಾಸಿದ ಹುಲ್ಲಿನ ಬೇರು ಮಣ್ಣಿಗೆ ತಾಗಲೆಂದು ಹಗುರವಾದ ರೋಲರ್ ಒಂದು ಸಲ ಎಳೆಯಬಹುದು. ಹಳೆಯ ಅಂಗಳಕ್ಕೆ ಅದು ಬೇಡ.

ತಗ್ಗು ಏರಬೇಕಾದರೆ ಮಣ್ಣು ಕೊಡಬೇಕು, ಅದೂ ಹುಲ್ಲು ಏರುವ ವೇಗಕ್ಕೆ ತಕ್ಕಂತೆ. ಗರಿಕೆಯ ಗುಣವೇ ಇದಕ್ಕೆ ಅನುಕೂಲ. ಅದರ ಬಳ್ಳಿಯ ಒಂದೊಂದು ಗೆಣ್ಣೂ ಮಣ್ಣು ತಾಗಿದರೆ ಸಾಕು, ಬೇರು ಬಿಡುತ್ತದೆ. ತೆಳುವಾಗಿ ಮಣ್ಣು ಬಿದ್ದಾಗ ಮುಚ್ಚಿದ ಗೆಣ್ಣುಗಳು ಹೊಸ ಬೇರು ಇಳಿಸುತ್ತವೆ, ತುದಿ ಮೇಲೆ ಬರುತ್ತದೆ, ಹುಲ್ಲಿನ ನೆಲ ಅಷ್ಟರಮಟ್ಟಿಗೆ ಎತ್ತರವಾಗುತ್ತದೆ. ಒಂದು ಸಲಕ್ಕೆ ಒಂದು ಸೆಂಟಿಮೀಟರ್, ಹೆಚ್ಚೆಂದರೆ ಒಂದೂವರೆ. ಎಲೆಯ ತುದಿ ಕಾಣುತ್ತಲೇ ಇರಬೇಕು. ಪೂರಾ ಮುಚ್ಚಿದರೆ ಬೆಳಕಿಲ್ಲದೆ ಹಳದಿಯಾಗಿ ಕೊಳೆಯುತ್ತದೆ. ಮುಂದಿನ ಪದರಕ್ಕೆ ಮೂರು ನಾಲ್ಕು ವಾರ ಕಾಯಬೇಕು.

ಮಣ್ಣಿನ ಹದ ಹೀಗೆ ಮಾಡಿದೆವು: ತೋಟದ ಬದಿಯ ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು. ಗೊಬ್ಬರ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ ಗೊಬ್ಬರ ವರ್ಷದೊಳಗೆ ಕರಗಿ ಕುಗ್ಗುತ್ತದೆ, ತುಂಬಿದ ತಗ್ಗು ಮತ್ತೆ ತಗ್ಗೇ. ಬರೀ ಮರಳು ಸುರಿಯುವುದೂ ಸರಿಯಲ್ಲ, ಅಂಟುಮಣ್ಣಿನ ಮೇಲೆ ಅದು ಬೇರೆಯೇ ಪದರವಾಗಿ ನಿಂತುಬಿಡುತ್ತದೆ. ಕೆಳಗಿನ ಮಣ್ಣಿನ ಜಾತಿಯದೇ ಮೇಲಕ್ಕೂ ಬೀಳಬೇಕು. ಎಲ್ಲವನ್ನೂ ಜರಡಿ ಹಿಡಿದೆವು. ಕಲ್ಲು ತೆಗೆಯುವುದಕ್ಕಿಂತ ಹೆಚ್ಚಾಗಿ ಕೊನ್ನಾರಿ ಕಳೆಯ ಗಡ್ಡೆ ಬರಬಾರದೆಂದು. ಒಂದೇ ಗಡ್ಡೆ ಒಳಗೆ ಹೋದರೂ ಅದನ್ನು ಅಂಗಳದಿಂದ ಹೊರಹಾಕಲು ವರ್ಷಗಟ್ಟಲೆ ಬೇಕು. ಲೆಕ್ಕ ಬೇಕಾದವರಿಗೆ: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗಕ್ಕೆ ಒಂದು ಸೆಂಟಿಮೀಟರ್ ದಪ್ಪ ಹಾಕಲು ಸುಮಾರು 90 ಲೀಟರ್ ಮಣ್ಣು ಹಿಡಿಯುತ್ತದೆ.

ಹುಲ್ಲನ್ನು ನಿನ್ನೆಯೇ ಗಿಡ್ಡ ಕತ್ತರಿಸಿ ತರಗು ಗುಡಿಸಿಟ್ಟಿದ್ದೆ. ಇವತ್ತು ಬುಟ್ಟಿಯಿಂದ ಮಣ್ಣು ಬೀರಿ, ನಾನೊಂದು ತುದಿ, ಮಗಳೊಂದು ತುದಿ ಹಿಡಿದು ನೆಟ್ಟಗಿನ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಎಳೆದೆವು. ದಬ್ಬೆ ಉಬ್ಬಿನ ಮೇಲೆ ಮಣ್ಣು ನಿಲ್ಲಗೊಡುವುದಿಲ್ಲ, ತಗ್ಗಿಗೆ ತಾನೇ ತುಂಬುತ್ತದೆ. ಪೇಟೆಯ ಯಾವ ಸಲಕರಣೆಯೂ ಇದಕ್ಕೆ ಬೇಕಿಲ್ಲ. ಆಮೇಲೆ ತೆಂಗಿನ ಕಡ್ಡಿ ಪೊರಕೆಯಿಂದ ಎಲೆಗಳ ಸಂದಿಗೆ ಮಣ್ಣು ಇಳಿಸಿ, ಹೂವಿನ ಗಿಡಕ್ಕೆ ಹಾಕುವ ಝಾರಿಯಿಂದ ತೆಳುವಾಗಿ ನೀರು.

ಈಶಾನ್ಯ ಮೂಲೆಯದು ಬೇರೆಯೇ ಕಥೆ. ಅಲ್ಲಿ ಅಂಗೈ ಅಗಲದಷ್ಟು ಆಳ ಕುಸಿದಿತ್ತು. ಅಷ್ಟು ಆಳಕ್ಕೆ ಮೇಲಿನಿಂದ ಮಣ್ಣು ತುಂಬಲು ಹೊರಟರೆ ಎರಡು ಮಳೆಗಾಲ ಬೇಕು. ಹುಲ್ಲನ್ನೇ ಎತ್ತಬೇಕು. ನಡುವೆ ಒಂದು ಗೆರೆ, ಅದರ ಎರಡೂ ತುದಿಗೆ ಅಡ್ಡ ಗೆರೆ ಕತ್ತಿಯಲ್ಲಿ ಕೊಯ್ದು, ಗುದ್ದಲಿ ಅಡ್ಡ ಹಿಡಿದು ಮೂರು ಬೆರಳು ದಪ್ಪಕ್ಕೆ ಸೀಳಿ, ಜೋಡಿ ಬಾಗಿಲು ತೆರೆದ ಹಾಗೆ ಎರಡೂ ಬದಿಗೆ ಮಗುಚಿದೆ. ಒಳಗೆ ಕಂದು ಬೇರಿನ ಹೆಣಿಗೆ, ಅದರ ನಡುನಡುವೆ ಹಾಲುಬಿಳಿ ಹೊಸ ಬೇರಿನ ತುದಿ. ಕೆಳಗೆ ಕೈ ಹಾಕಿದರೆ ಕಪ್ಪಗೆ, ಸ್ಪಂಜಿನಂತೆ ಮೆತ್ತಗೆ ಏನೋ ಸಿಕ್ಕಿತು, ಹಿಂಡಿದರೆ ನೀರು. ಹಿಂದೆ ಕಡಿದ ಹಲಸಿನ ಮರದ ಬುಡ! ಅಪ್ಪಯ್ಯ ಕೋಲು ಊರಿ ಬಗ್ಗಿ ನೋಡಿ, "ಹೌದು, ಇಲ್ಲೇ ಇತ್ತು" ಅಂದರು. ಒರಲೆ (ಗೆದ್ದಲು) ತಿಂದು, ಮಳೆಗೆ ಕೊಳೆತು, ಅದು ಕುಸಿದಂತೆಲ್ಲ ಮೇಲಿನ ನೆಲವೂ ಕುಸಿದಿತ್ತು. ಕೈಗೆ ಬಂದಷ್ಟನ್ನೂ ಬಗೆದು ತೆಗೆದು, ಮಣ್ಣನ್ನು ಸ್ವಲ್ಪ ಸ್ವಲ್ಪವೇ ತುಂಬಿ ಕಾಲಲ್ಲಿ ಮೆಟ್ಟಿ, ಅಕ್ಕಪಕ್ಕಕ್ಕಿಂತ ಒಂದು ಬೆರಳು ಎತ್ತರ ಬಿಟ್ಟು ಹುಲ್ಲನ್ನು ಮತ್ತೆ ಮಡಿಸಿ ಕೂರಿಸಿದೆ. ನೆಲ ಇಳಿಯಲು ಆ ಒಂದು ಬೆರಳು ಬೇಕು. ಅಲ್ಲಿಗೆ ಹತ್ತು ದಿನ ತಪ್ಪದೆ ನೀರು ಹಾಕಬೇಕು, ಯಾರೂ ಕಾಲಿಡಬಾರದು.

ಕಾಡಿನ ಬದಿಯ ಹೊಂಡಗಳು ಹಂದಿಯ ಕೆಲಸ. ಕಾಡುಹಂದಿ ಸುಮ್ಮನೆ ಹುಲ್ಲು ಕೆದರುವುದಿಲ್ಲ, ಎರೆಹುಳು ಮತ್ತು ಬೇರುಹುಳಕ್ಕೆ ಬರುತ್ತದೆ. ಅಡಿಕೆ ತೋಟದವರಿಗೆ ಬೇರುಹುಳದ ಪರಿಚಯ ಹೇಳಬೇಕಿಲ್ಲ. ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿಕೊಂಡಿರುತ್ತದೆ. ಹುಲ್ಲು ತೇಪೆ ತೇಪೆಯಾಗಿ ಹಳದಿಯಾಗಿ, ಹಿಡಿದೆಳೆದರೆ ಚಾಪೆಯ ಹಾಗೆ ಎದ್ದು ಬಂದರೆ ಬೇರು ತಿಂದಾಗಿದೆ ಎಂದರ್ಥ. ನಮ್ಮಲ್ಲಿ ಕೆಲವೇ ಸಿಕ್ಕವು, ಆರಿಸಿ ಬಕೆಟ್ಟಿನ ಸೋಪು ನೀರಿಗೆ ಹಾಕಿದೆವು. ಅಷ್ಟಕ್ಕೆಲ್ಲ ಔಷಧಿ ಹೊಡೆಯುವುದು ಬೇಡ, ಅದೇ ಮಣ್ಣಿನಲ್ಲಿ ಎರೆಹುಳುವೂ ಇರುತ್ತದೆ.

ಮಣ್ಣಿನ ಮಾದರಿ ಮೊದಲೇ ತೆಗೆದಿಟ್ಟಿದ್ದೇನೆ, ಬೇರೆ ಬೇರೆ ಕಡೆ ಗೇಣುದ್ದ ಅಗೆದು ಬೆರೆಸಿ, ನೆರಳಲ್ಲಿ ಆರಿಸಿದ ಅರ್ಧ ಕೆಜಿ. ಪರೀಕ್ಷೆಗೆ ಇಲ್ಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಬೇಕು. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಹುಲ್ಲು ಏಳುತ್ತಿಲ್ಲ ಎಂದು ಯೂರಿಯಾ ಎರಚುವ ಮೊದಲು ಇದನ್ನು ನೋಡಬೇಕು. ಸುಣ್ಣ ಬೇಕೆಂದು ಬಂದರೆ ಸುಣ್ಣ ಮೊದಲು, ಯೂರಿಯಾ ಎರಡು ವಾರ ಬಿಟ್ಟು. ಜೊತೆಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಯೂರಿಯಾ ಹಾಕುವುದಾದರೂ ಚದರ ಮೀಟರಿಗೆ ಹತ್ತು ಗ್ರಾಂ ಸಾಕು, ಹಾಕಿದ ಕೂಡಲೇ ನೀರು. ಜಡಿಮಳೆಯಲ್ಲಿ ಅಂತೂ ಬೇಡವೇ ಬೇಡ.

ಕತ್ತರಿಸುವಾಗ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಗರಿಕೆ ಒಂದು ಇಂಚಿಗೆ ನಿಲ್ಲಬಹುದು. ಮಾವಿನ ಮರದ ನೆರಳಿನಲ್ಲಿ ಗರಿಕೆ ಬರುವುದಿಲ್ಲ, ಅಲ್ಲಿ ತಾನೇ ಹುಟ್ಟಿದ ಅಗಲ ಎಲೆಯ ಹುಲ್ಲನ್ನೇ ಬಿಟ್ಟಿದ್ದೇನೆ, ಅದು ಎರಡು ಇಂಚು ಇರಲಿ. ಮೊಂಡಾದ ಬ್ಲೇಡ್ ಎಲೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮಾರನೆಯ ದಿನ ಅಂಗಳದ ಮೇಲೆಲ್ಲ ಬಿಳಿಚು ಬಣ್ಣ ಕಂಡರೆ ಅದೇ ಕಾರಣ. ಬೇಸಿಗೆಯಲ್ಲಿ ತೋಟದ ನೀರು ತಂದು ಹುಲ್ಲಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೇರೂರಿದ ಗರಿಕೆ ಒಣಗಿ ಕಂದಾಗುತ್ತದೆ, ಸಾಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬರುವ ಮೊದಲ ಅಡ್ಡಮಳೆಗೆ ಮತ್ತೆ ಹಸಿರು.

ಸಂಜೆ ಕಾರವಾರದಿಂದ ಅಕ್ಕನ ಫೋನ್. ಅವರ ಅಂಗಳದಲ್ಲೂ ತಗ್ಗಂತೆ. "ತಮಾ, ಸಮುದ್ರದ ಹೊಯ್ಗೆ ತಂದು ಹಾಕಲಕ್ಕಾ?" ಅಂದಳು. ಹಾಕಲಾಗ ಅಂದೆ. ಅದರಲ್ಲಿ ಉಪ್ಪಿದೆ, ಕಡಲತೀರದ ಮರಳು ತೆಗೆಯಲು ಕಾನೂನೂ ಬಿಡುವುದಿಲ್ಲ. ಅವಳಲ್ಲಿ ನೆಲವೇ ಹೊಯ್ಗೆ, ನೀರು ನಿಲ್ಲುವ ತೊಂದರೆ ಇಲ್ಲ, ಹಾಕಿದ ನೀರೂ ಗೊಬ್ಬರವೂ ಸೋರಿಹೋಗುವುದೇ ತೊಂದರೆ. ಅಲ್ಲಿ ತಗ್ಗಿಗೆ ಹಾಕುವ ಮಣ್ಣಿನಲ್ಲಿ ಹೆಚ್ಚು ಮರಳು ಬೇಡ, ಕೆಂಪುಮಣ್ಣು ಮತ್ತು ಕಳಿತ ಗೊಬ್ಬರ ಸೇರಬೇಕು. ಗರಿಕೆ ಉಪ್ಪುಗಾಳಿ ತಡೆಯುತ್ತದೆ, ಅದನ್ನೇ ಉಳಿಸಿಕೋ ಅಂದೆ. ಗೊಬ್ಬರ ನಮ್ಮ ಕೊಟ್ಟಿಗೆಯದೇ ಇದೆ. ಹಬ್ಬಕ್ಕೆ ಬಂದಾಗ ಭಾವನ ಗಾಡಿಯಲ್ಲಿ ಎರಡು ಚೀಲ ಹಾಕಿ ಕಳಿಸುತ್ತೇನೆ.