ಅಂಟು ಆಮೇಲೆ, ಮೊದಲು ಜರುಗಿಸಿ

ನಮ್ಮ ಡ್ರಾಯಿಂಗ್ ಮೇಷ್ಟ್ರು ಎಂಟನೇ ಕ್ಲಾಸಿನ ಮೊದಲ ಟರ್ಮ್ ಪೂರ್ತಿ ನಮಗೆ ಪೆನ್ಸಿಲ್ ಮುಟ್ಟಲು ಬಿಡಲಿಲ್ಲ. ಕತ್ತರಿ, ಬಣ್ಣದ ಕಾಗದ, ಒಂದು ಬಿಳಿ ಶೀಟು, ಅಷ್ಟೇ. ಚಿತ್ರದಲ್ಲಿ ಯಾವುದನ್ನು ಎಲ್ಲಿ ಇಡಬೇಕು ಅನ್ನೋದನ್ನು ಮೊದಲು ಕಲಿಸುತ್ತಿದ್ದರು. ಗ್ಲೇಸ್ ಪೇಪರ್ ಕೊಳ್ಳಲು ಆಗದವರು ಹಳೇ ಕ್ಯಾಲೆಂಡರ್, ಮದುವೆ ಕಾರ್ಡು ತರುತ್ತಿದ್ದರು. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿಸಬೇಕು ಅಂದುಕೊಂಡಿದ್ದ ಅಪ್ಪಂದಿರಿಗೆ ಇದು ಸುಮ್ನೆ ಕಾಲಹರಣ ಅನ್ನಿಸಿತ್ತು.

ಮೈದಾ ಅಂಟಿನ ಡಬ್ಬಿ ಮೇಷ್ಟ್ರ ಮೇಜಿನ ಮೇಲೇ ಇರುತ್ತಿತ್ತು. ಚೂರುಗಳನ್ನು ಜರುಗಿಸಿ, ತಿರುಗಿಸಿ, ತೋರಿಸಿ ಒಪ್ಪಿಸಿದ ಮೇಲೆ ಅಂಟು. ಹಾಸನದ ಮಳೆಗಾಲದಲ್ಲಿ ಆ ಅಂಟು ಒಣಗುತ್ತಲೂ ಇರಲಿಲ್ಲ, ಅದು ಬೇರೆ ಮಾತು.

ಮೊದಲ ಪಾಠ ಈಗಲೂ ಕಣ್ಣಿಗೆ ಕಟ್ಟಿದೆ. ಅಂಗೈ ಅಗಲದ ಒಂದು ಕಪ್ಪು ವೃತ್ತ. ನಡುವೆ ಇಟ್ಟರೆ ತೆಪ್ಪಗೆ ಕೂತಿರುತ್ತೆ. ಎಡಕ್ಕೆ ತಳ್ಳಿದರೆ ಇಡೀ ಶೀಟೇ ಆ ಕಡೆ ವಾಲಿದಂತೆ ಕಾಣುತ್ತೆ. ಆಗ ಮೇಷ್ಟ್ರು ಉಗುರಿನಷ್ಟು ಕೆಂಪು ಚೌಕವನ್ನು ಬಲತುದಿಗೆ ಸರಿಸಿದರು. ಶೀಟು ನೆಟ್ಟಗಾಯಿತು! ಸಂತೆಯ ತೂಗುಕೋಲಿನಲ್ಲಿ ಸಣ್ಣ ಗುಂಡನ್ನು ದೂರ ಸರಿಸಿದರೆ ಮೂಟೆಯನ್ನೂ ತಡೆಯುತ್ತದಲ್ಲ, ಹಾಗೆ. ಸಮತೋಲ ಅಂದರೆ ಎರಡೂ ಕಡೆ ಒಂದೇ ಥರ ಇಡೋದಲ್ಲ ಅಂತ ಅವತ್ತು ತಿಳಿಯಿತು.

ಲಯ ಕಲಿಸಲು ಹಳೇಬೀಡಿಗೆ ಕರೆದುಕೊಂಡು ಹೋದರು. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಸಾಲು ಗೋಡೆಯುದ್ದಕ್ಕೂ ಹರಿಯುತ್ತೆ, ಆದರೆ ಹತ್ತಿರ ಹೋಗಿ ನೋಡಿದರೆ ಒಂದು ಆನೆಯ ಹಾಗೆ ಇನ್ನೊಂದಿಲ್ಲ. ವಾಪಸ್ ಬಂದು ತ್ರಿಕೋನಗಳನ್ನು ಸಾಲಾಗಿ ಜೋಡಿಸಿದೆವು. ಮೇಷ್ಟ್ರು ಒಂದನ್ನು ಮಾತ್ರ ತಲೆಕೆಳಗು ಮಾಡಿದರು. ಎಲ್ಲರ ಕಣ್ಣೂ ಅಲ್ಲಿಗೇ. ಒತ್ತು ಎಂಬ ಪಾಠ ಅಲ್ಲಿಗೆ ಮುಗಿಯಿತು.

ಕಾಫಿ ಎಲೆ ಕತ್ತರಿಸಿದಾಗ, ಎಲೆಯಾಕಾರದ ತೂತು ಬಿದ್ದ ಕಾಗದವನ್ನು ಬಿಸಾಡುವ ಹಾಗಿರಲಿಲ್ಲ. ಎಲೆ, ತೂತು ಎರಡನ್ನೂ ಪಕ್ಕಪಕ್ಕ ಇಡಬೇಕು. ಅಲೆಅಲೆಯಾದ ಅಂಚು ಎಲೆಗಿಂತ ತೂತಿನಲ್ಲೇ ಚೆನ್ನಾಗಿ ಕಾಣುತ್ತಿತ್ತು. ಖಾಲಿ ಜಾಗಕ್ಕೂ ಆಕಾರ ಇದೆ ಅನ್ನೋದನ್ನು ಇದಕ್ಕಿಂತ ಸಲೀಸಾಗಿ ಹೇಳಿಕೊಟ್ಟವರನ್ನು ನಾನು ಕಂಡಿಲ್ಲ.

ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತಿಸ್ ಬಗ್ಗೆ ಹೇಳಿದ್ದೂ ಅವರೇ. 1941ರ ದೊಡ್ಡ ಆಪರೇಷನ್ ಆದಮೇಲೆ ಗಾಲಿಕುರ್ಚಿ ಹಿಡಿದ ಮಾತಿಸ್, ಕೊನೆಕೊನೆಗೆ ಹೆಚ್ಚಾಗಿ ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಸಿಯೇ ಚಿತ್ರ ಮಾಡಿದರು. ಅವರ 1953ರ ‘ಬಸವನಹುಳು’ ಚಿತ್ರ ಎತ್ತರ ಅಗಲ ಎರಡರಲ್ಲೂ 9 ಅಡಿ ದಾಟುತ್ತೆ. ಮೊದಲ ನೋಟಕ್ಕೆ ಅದರಲ್ಲಿ ಕೊಂಬು ಕಣ್ಣು ಏನೂ ಕಾಣುವುದಿಲ್ಲ. ಬಣ್ಣದ ಚೂರುಗಳು ಸುತ್ತಿಕೊಂಡು ಹೋಗುವ ರೀತಿಯಲ್ಲೇ ಹುಳು ಇದೆ.

ಬಣ್ಣಗಳ ಬಗ್ಗೆ ಮಾತ್ರ ಮೇಷ್ಟ್ರು ಜಾಸ್ತಿ ಹೇಳಲಿಲ್ಲ. ಆ ಕೊರತೆ ನನಗೆ ಇನ್ನೂ ಇದೆ.

ಈಗ ನಾನು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಅಂಟಿನ ಗೊಡವೆಯೇ ಇಲ್ಲ, ಎಷ್ಟು ಬೇಕಾದರೂ ಜರುಗಿಸಬಹುದು. ಆದರೆ ಖಾಲಿ ಜಾಗ ಕಂಡರೆ ಗಿರಾಕಿಗಳಿಗೆ ದುಡ್ಡು ದಂಡ ಅನ್ನಿಸುತ್ತೆ. ‘ಅಲ್ಲೊಂದು ಗಣಪತಿ ಹಾಕಿಬಿಡಿ’ ಅನ್ನುತ್ತಾರೆ. ಹಾಕುತ್ತೇನೆ. ಸಣ್ಣದು, ಕೆಂಪು, ಬಲತುದಿಗೆ.