ಹಾರ್ಡ್‌ಡಿಸ್ಕಿನಲ್ಲಿ ಉಳಿದ ಕಾಳಿ ಸೇತುವೆ

ಸಾಕ್ಷ್ಯಚಿತ್ರ ಮಾಡಬೇಕು ಅಂತ ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಆಗಾಗ ಹುಡುಗರು ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಸರ್, ಕ್ಯಾಮೆರಾ ಯಾವುದು ತಗೊಳ್ಳಲಿ?" ಕೈಗೆ ಎಟಕುವುದನ್ನು ತಗೊಳ್ಳಿ, ಈಗ ಬರುವ ಕ್ಯಾಮೆರಾಗಳು ಹೆಚ್ಚುಕಡಿಮೆ ಎಲ್ಲವೂ ಚೆನ್ನಾಗಿಯೇ ಇವೆ. ತೆಗೆದದ್ದನ್ನು ಹತ್ತು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಹುಡುಕಿ ಕೊಡ್ತೀರಾ ಅಂತ ನಾನು ಕೇಳಿದರೆ ಆ ಕಡೆ ಸುಮ್ಮನಾಗಿಬಿಡುತ್ತಾರೆ. ನನ್ನ ಮಟ್ಟಿಗೆ ಈ ಕಸುಬಿನಲ್ಲಿ ಶೂಟಿಂಗ್ ಅರ್ಧ ಕೆಲಸ, ಎತ್ತಿಡುವುದು ಇನ್ನರ್ಧ. ಮನೆಗೆ ದುಡ್ಡು ಜಾಸ್ತಿ ತಂದದ್ದು ಆ ಇನ್ನರ್ಧ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಕೋಡಿಬಾಗದಿಂದ ಸದಾಶಿವಗಡಕ್ಕೆ, ಅಲ್ಲಿಂದ ಮುಂದೆ ಗೋವಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ. ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕ ಬದುಕಿಕೊಂಡ. ಬೆಳಗಾಗುವಷ್ಟರಲ್ಲಿ ಮುರಿದ ಸೇತುವೆಯ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇತ್ತು. ನನಗೆ ಬಂದ ಫೋನುಗಳು ಬೇರೆ ಥರದವು. ಮುರಿಯುವ ಮೊದಲಿನದು ಇದೆಯಾ? ಮೇಲೆ ಬಸ್ಸು ಓಡಾಡುವುದು, ಕೆಳಗೆ ದೋಣಿ ಇರುವುದು, ಸುಮ್ನೆ ಮಾಮೂಲಿ ದಿನದ್ದು?

ಇತ್ತು. ಮೀನುಗಾರರ ಬಗ್ಗೆ ಮಾಡಿದ ಸಣ್ಣ ಚಿತ್ರವೊಂದಕ್ಕೆ ತೆಗೆದು, ಎಡಿಟಿಂಗ್‌ನಲ್ಲಿ ಬೇಡ ಅಂತ ಬಿಟ್ಟ ಶಾಟ್ ಅದು. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ಕೂತಿದೆ. ಕೆಳಗೆ ಪಾತಿ ದೋಣಿಯಲ್ಲಿ ಒಬ್ಬ ನಿಂತು ಬಲೆ ಎಳೆಯುತ್ತಿದ್ದಾನೆ. ಮೇಲೆ ಒಂದು ಲಾರಿ, ಅದರ ಹಿಂದೆ ಕೆಂಪು ಬಸ್ಸು, ಬಸ್ಸಿನ ಕಿಟಕಿಯಿಂದ ಯಾರೋ ಕೈ ಹೊರಗೆ ಹಾಕಿದ್ದಾರೆ. ಇನ್ನೇನೂ ನಡೆಯುವುದಿಲ್ಲ. ಲಾಗ್‌ನಲ್ಲಿ, ಅಂದರೆ ಯಾವ ಶಾಟ್ ಎಲ್ಲಿಯದು, ಅದರಲ್ಲಿ ಏನಿದೆ ಅಂತ ಬರೆದಿಡುವ ಪಟ್ಟಿಯಲ್ಲಿ, 'ಹಳೇ ಸೇತುವೆ, ಕೋಡಿಬಾಗ ದಡದಿಂದ' ಅಂತ ಬರೆದಿಟ್ಟಿದ್ದಕ್ಕೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಿಕ್ಕಿತು. ಆ ವರ್ಷ ಅಷ್ಟು ದುಡಿದ ಶಾಟ್ ಇನ್ನೊಂದಿಲ್ಲ. ಗೋಕರ್ಣದ ಓಂ ಬೀಚಿನ ಸೂರ್ಯಾಸ್ತವೂ ನನ್ನ ಬಳಿ ಬೇಕಾದಷ್ಟಿದೆ. ಅದನ್ನು ಯಾರೂ ಕೇಳಿಲ್ಲ, ಯಾಕೆಂದರೆ ಬಂದು ಹೋದ ಪ್ರವಾಸಿಗರ ಹತ್ತಿರವೂ ಅದೇ ಇದೆ. (ಡ್ರೋನ್ ತಗೊಂಡು ಕಾರವಾರಕ್ಕೆ ಬರುವವರಿಗೆ ಒಂದು ಮಾತು: ಇಲ್ಲಿ ನೌಕಾನೆಲೆ ಇದೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಿದರೆ ಆ ಸಂಜೆ ಠಾಣೆಯಲ್ಲಿ ಕಳೆಯಬೇಕಾಗಬಹುದು.)

ಲಾಗ್ ಅಂದರೆ ದೊಡ್ಡ ತಂತ್ರಜ್ಞಾನ ಏನಲ್ಲ, ಒಂದು ಎಕ್ಸೆಲ್ ಹಾಳೆ ಸಾಕು. ಆದರೆ ಅದೇ ರಾತ್ರಿ ಬರೆಯಬೇಕು, ಎಷ್ಟೇ ಸುಸ್ತಾಗಿದ್ದರೂ. ನನ್ನದರಲ್ಲಿ ಒಂದು ಸಾಲು ಹೀಗಿದೆ: 'ಅಘನಾಶಿನಿ, ಇಳಿತದ ಹೊತ್ತು, ಬಳಚು ಹೆಕ್ಕುವ ಹೆಂಗಸರು, ಸೊಂಟದವರೆಗೆ ನೀರು, ಕಾಲಲ್ಲಿ ತಡಕುವುದು ಮೇಲಿನಿಂದ ಗೊತ್ತಾಗುವುದಿಲ್ಲ, ಹಿಂದೆ ದೇವಸ್ಥಾನದ ಮೈಕಿನಲ್ಲಿ ಸಿನಿಮಾ ಹಾಡು.' ಬಳಚು ಅಂದರೆ ನದಿಯ ಚಿಪ್ಪುಜೀವಿ. ಸಾಲಿನ ಆ ಕೊನೆಯ ತುಂಡು ಬಹಳ ಮುಖ್ಯ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳಿಸಿದರೆ ಕೊಳ್ಳುವವರು ಕೊಳ್ಳುವುದಿಲ್ಲ, ಆ ಹಾಡಿನ ಹಕ್ಕು ಬೇರೆಯವರದು. ಅದಕ್ಕೇ ಅಂಥ ಕಡೆ ಮೈಕ್ ನಿಂತ ಮೇಲೆ ಬರೀ ನೀರಿನ ಸದ್ದು, ಮಾತಿನ ಸದ್ದು ಒಂದೆರಡು ನಿಮಿಷ ಬೇರೆಯಾಗಿ ಹಿಡಿದು ತರುತ್ತೇನೆ.

ಹೆಸರುಗಳನ್ನು ಊರವರು ಹೇಳುವ ಹಾಗೇ ಬರೆಯಿರಿ. ಗಜನಿ (ಅಳಿವೆಯ ಉಪ್ಪುನೀರಿನ ಗದ್ದೆ), ಕಗ್ಗ, ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರಗಿಡ), ಬಳಚು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತಲ್ಲ, ಆಗ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತದ ಗದ್ದೆ ಯಾರ ಬಳಿ ಇದೆ ಅಂತ ಬೆಂಗಳೂರಿನಿಂದ ಹುಡುಕಾಟ ಶುರುವಾಯಿತು. 'ಹಸಿರು ಗದ್ದೆ 4' ಅಂತ ಬರೆದುಕೊಂಡವನಿಗೆ ತನ್ನ ಡಿಸ್ಕಿನಲ್ಲೇ ಅದು ಇದೆ ಅಂತ ಗೊತ್ತಾಗುವುದಾದರೂ ಹೇಗೆ?

ವಯಸ್ಸಾದವರ ವಿಷಯಕ್ಕೆ ಬಂದರೆ ನಾನು ಇನ್ನೂ ಹಟಮಾರಿ. ಗಿಡಮರ ಬೆಳೆಸಿದ ತುಳಸಿ ಗೌಡ ಅವರು 2024ರ ಡಿಸೆಂಬರ್ 16ಕ್ಕೆ ತೀರಿಕೊಂಡರು. ಎರಡು ತಿಂಗಳು ತುಂಬುವುದರೊಳಗೆ, 2025ರ ಫೆಬ್ರವರಿ 13ಕ್ಕೆ, ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರೂ ಅಂಕೋಲಾ ತಾಲೂಕಿನವರು, ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಜ್ಜಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋದ 2021ರ ಫೋಟೋ ಇಡೀ ದೇಶ ನೋಡಿದೆ. ಆದರೆ ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವ ಅವರ ತಿಳಿವಳಿಕೆಯನ್ನು ಒಂದು ಫೋಟೋದಲ್ಲಿ ಹಿಡಿಯಲಾಗದು. ಅದಕ್ಕೆ ನರ್ಸರಿಯಲ್ಲಿ ಕೂತು, ಕೈ ಏನು ಮಾಡುತ್ತಿದೆ ಅಂತ ಬೇಜಾರಾಗುವಷ್ಟು ಹೊತ್ತು ಶೂಟ್ ಮಾಡಬೇಕು. ಹಾಡುವವರದ್ದೂ ಅಷ್ಟೇ. ನಿಮ್ಮ ಚಿತ್ರಕ್ಕೆ ಬೇಕಾದದ್ದು ಇಪ್ಪತ್ತು ಸೆಕೆಂಡ್ ಇರಬಹುದು, ಅಜ್ಜಿಯ ಹಾಡು ಅರ್ಧ ಗಂಟೆಯದು. ಅರ್ಧ ಗಂಟೆಯೂ ರೆಕಾರ್ಡ್ ಮಾಡಿ. ನಡುವೆ ಕೆಮ್ಮಿದರೆ, ಮೊಮ್ಮಗನಿಗೆ ಬೈದರೆ ಅದೂ ಇರಲಿ. ಆಮೇಲೆ ಮನೆಯ ಯಾರನ್ನಾದರೂ ಕೂರಿಸಿಕೊಂಡು ಹಾಡಿನ ಸಾಲು ಬರೆಸಿಕೊಳ್ಳಿ. ಹಾಲಕ್ಕಿ ಮಾತಿನ ಎಷ್ಟೋ ಪದ ಘಟ್ಟದ ಮೇಲಿನವರಿರಲಿ, ಪಕ್ಕದ ಊರವರಿಗೇ ಸರಿಯಾಗಿ ತಿಳಿಯುವುದಿಲ್ಲ.

ಇನ್ನು ಇಡುವ ಜಾಗ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಲೆನ್ಸಿಗೂ ಡಿಸ್ಕಿಗೂ ಮೊದಲ ಶತ್ರು ಥಂಡಿ, ಅಂದರೆ ಗಾಳಿಯ ತೇವ. ಜೂನ್‌ನಲ್ಲಿ ಚೀಲದಲ್ಲೇ ಬಿಟ್ಟ ಲೆನ್ಸಿನ ಒಳಗೆ ಗಣೇಶ ಚೌತಿ ಹೊತ್ತಿಗೆ ಜೇಡರ ಬಲೆಯ ಹಾಗೆ ಬೂಸ್ಟು ಕಟ್ಟಿರುತ್ತದೆ. ಡ್ರೈ ಕ್ಯಾಬಿನೆಟ್‌ಗೆ ದುಡ್ಡಿದ್ದರೆ ತಗೊಂಡು ತೇವಾಂಶ 40ರಿಂದ 50 ಶೇಕಡಾ ನಡುವೆ ಇರಿಸಿ. ಇಲ್ಲವಾದರೆ ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಇಡುವ ಉಪಾಯ ಹೇಳುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ, ಅಕ್ಕಿಯ ಧೂಳು ಬೇರೆ.

ಪ್ರತಿಗಳು ಮೂರು ಬೇಕು. ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಕೈಗೆ ಸಿಗುವ ಹಾಗೆ, ಮೂರನೆಯದು ಬೇರೆ ಊರಲ್ಲಿ. ನನ್ನದು ಘಟ್ಟದ ಕೆಳಗೆ ಎರಡು, ಘಟ್ಟದ ಮೇಲೆ ಒಂದು. ಶಿರಸಿಯ ಅಕ್ಕನ ಮನೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆ ಇದೆ. ಭಾವ ಅದನ್ನು 'ನಿನ್ನ ಬಂಗಾರ' ಅಂತ ಹಾಸ್ಯ ಮಾಡುತ್ತಾರೆ, ಆದರೆ ಮಕ್ಕಳು ಮುಟ್ಟದ ಹಾಗೆ ಬೀಗ ಹಾಕಿದ್ದೂ ಅವರೇ. ಕದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳು ಮುಳುಗಿದ್ದನ್ನು ನೋಡಿದವರಿಗೆ ಮೂರನೇ ಪ್ರತಿ ಯಾಕೆ ಅಂತ ವಿವರಿಸಬೇಕಾಗಿಲ್ಲ. ಹಳೇ ಡಿಸ್ಕುಗಳನ್ನು ಕೆಲವು ತಿಂಗಳಿಗೊಮ್ಮೆ ಹಚ್ಚಿ ಓಡಿಸಿ. ಚಿಪ್ಪಿನಲ್ಲಿ ಬರೆದಿಡುವ ಎಸ್‌ಎಸ್‌ಡಿ ಡಿಸ್ಕನ್ನು ಕರೆಂಟೇ ಕೊಡದೆ ವರ್ಷಗಟ್ಟಲೆ ಇಟ್ಟರೆ ಒಳಗಿನದು ಅಳಿಸಿಹೋಗಬಹುದು.

ಕಾಗದಪತ್ರದ ಬಗ್ಗೆ ಯಾರೂ ಕಲಿಸುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮದುವೆ ಸೀಸನ್‌ನ ದುಡ್ಡಲ್ಲಿ, ಸಂಘಸಂಸ್ಥೆಗಳ ಸಣ್ಣ ಸಣ್ಣ ಚಿತ್ರಗಳ ದುಡ್ಡಲ್ಲಿ ಸಂಸಾರ ನಡೆಸಿ, ಉಳಿದ ಹೊತ್ತಿನಲ್ಲಿ ಸ್ವಂತ ಚಿತ್ರ ಮಾಡುವವರು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ತೆಗೆಸಿದ ಫೋಟೋ ಅಥವಾ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಅಂದರೆ ಬಿಸಿಲಲ್ಲಿ ಒಣಗಿದ್ದು ನೀವು, ಫುಟೇಜ್ ಅವರದು. ಅದಕ್ಕೇ ಒಪ್ಪಂದದಲ್ಲಿ ಒಂದು ಸಾಲು ಬರೆಸುತ್ತೇನೆ: ಮುಗಿದ ಚಿತ್ರ ನಿಮ್ಮದು, ಬಳಸದೆ ಉಳಿದದ್ದು ನನ್ನದು. ಮೊದಮೊದಲು ಮುಖ ಗಂಟಿಕ್ಕುತ್ತಾರೆ, ಆಮೇಲೆ ಒಪ್ಪುತ್ತಾರೆ, ಉಳಿದದ್ದು ಅವರಿಗೆ ಹೇಗೂ ಬೇಕಾಗಿರುವುದಿಲ್ಲ.

ಹಾಡುವವರಿಗೂ, ಕುಣಿಯುವವರಿಗೂ ಅದೇ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕನ್ನಡದಲ್ಲಿ ಬರೆದು, ಜೋರಾಗಿ ಓದಿ ಹೇಳಿ, 'ಇದನ್ನು ಮುಂದೆ ಟೀವಿಯವರು ಕೇಳಿದರೆ ಕೊಡ್ಲಾ, ದುಡ್ಡು ಬಂದರೆ ಹೇಗೆ ಹಂಚಿಕೊಳ್ಳೋಣ' ಅಂತ ಕೇಳಿ, ಅವರ ಉತ್ತರವನ್ನು ಕ್ಯಾಮೆರಾದಲ್ಲೇ ಹಿಡಿದಿಡಿ. ಬೇಡ ಅಂದದ್ದೂ ಲಾಗ್‌ಗೆ ಹೋಗಬೇಕು. ಒಂದು ಚಾನೆಲ್‌ನವರು ನನ್ನ ಸುಗ್ಗಿ ಕುಣಿತದ ವಿಡಿಯೋದಲ್ಲಿ ಮೂಲೆಯ ಹೆಸರು ಕಾಣದ ಹಾಗೆ ಕತ್ತರಿಸಿ ಹಾಕಿದ್ದರು. ತಾರೀಖು ಸಮೇತ ಮೂಲ ಫೈಲ್, ಒಪ್ಪಿಗೆ ಪತ್ರ ಎರಡನ್ನೂ ಕಳಿಸಿದ ಮೇಲೆ ಹಣ ಬಂತು, ಕ್ಷಮೆ ಬರಲಿಲ್ಲ. ದುಃಖದ ಮನೆಯವರು ತಮ್ಮವರ ಚಿತ್ರ ಕೇಳಿದರೆ ಮಾತ್ರ ನಾನು ಬಿಲ್ ಹಾಕುವುದಿಲ್ಲ. ಅದಕ್ಕೆ ಕಾಯ್ದೆ ನೋಡಬೇಕಾಗಿಲ್ಲ.

ಈಗ ನನ್ನ ಕಣ್ಣು ಜಿಲ್ಲೆಯ ಹಳೇ ಸ್ಟುಡಿಯೋಗಳ ಅಟ್ಟದ ಮೇಲೆ. ಮಿನಿ ಡಿವಿ, ವಿಎಚ್‌ಎಸ್ ಟೇಪುಗಳು ರಾಶಿ ಬಿದ್ದಿವೆ. ಮದುವೆ ದಿಬ್ಬಣದ ಹಿಂದೆ ಆಗಿನ ಪೇಟೆ ಇದೆ, ರಾತ್ರಿಯಿಡೀ ನಡೆದ ಯಕ್ಷಗಾನ ಇದೆ, ಹೆದ್ದಾರಿ ಅಗಲವಾಗುವ ಮೊದಲಿನ ಮನೆ, ಮರಗಳಿವೆ. ಟೇಪಿನ ಮೇಲೂ ಬೂಸ್ಟು ಹತ್ತುತ್ತದೆ, ಓದಿಸುವ ಯಂತ್ರಗಳೂ ಒಂದೊಂದಾಗಿ ಕೆಡುತ್ತಿವೆ. ನಿಮ್ಮ ಊರಿನ ಸ್ಟುಡಿಯೋದವರು ಅಂಗಡಿ ಖಾಲಿ ಮಾಡುತ್ತಿದ್ದರೆ ಗುಜರಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ಮತ್ತೆ, ಫೈರ್‌ವೈರ್ (ಟೇಪಿನದ್ದನ್ನು ಕಂಪ್ಯೂಟರಿಗೆ ಇಳಿಸುವ ಕೇಬಲ್ ಕಿಂಡಿ) ಇರುವ, ನಡೆಯುವ ಸ್ಥಿತಿಯಲ್ಲಿರುವ ಮಿನಿ ಡಿವಿ ಕ್ಯಾಮೆರಾ ಯಾರ ಬಳಿಯಾದರೂ ಇದ್ದರೆ ರೇಟು ಹೇಳಿ, ಬಂದು ತಗೊಂಡು ಹೋಗುತ್ತೇನೆ.