ಯುದ್ಧ ಮುಗಿದ ಮೇಲೆ ಹುಟ್ಟಿದ ಹಡಗು

ಬಡಗಿಯ ಮಗನಾದ್ದರಿಂದ ಎಚ್‌ಎಂಎಸ್ ಟ್ರಿಂಕೋಮಲಿ ಹತ್ತಿದಾಗ ನನ್ನ ಕಣ್ಣು ಮೊದಲು ಹೋದದ್ದು ತೋಪುಗಳ ಕಡೆಗಲ್ಲ, ಹಲಗೆಗಳ ಕಡೆಗೆ. ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿರುವ ಈ ಹಳೆಯ ಬ್ರಿಟಿಷ್ ಯುದ್ಧನೌಕೆ ಮಲಬಾರಿನ ಸಾಗುವಾನಿಯದು. 1817ರಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಇದನ್ನು ಕಟ್ಟಿದವರು ಪಾರ್ಸಿ ಕುಶಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗುವಾನಿಯ ಎಣ್ಣೆ ಅದನ್ನು ಕಾಯುತ್ತದೆ. ಅಪ್ಪ ಇದ್ದಿದ್ದರೆ ಹಲಗೆಯ ಮೇಲೊಮ್ಮೆ ಕೈಯಾಡಿಸಿ, ಇದರಲ್ಲಿ ಹೇಳುವುದೇನಿದೆ ಎನ್ನುತ್ತಿದ್ದರು.

ಆದರೆ ಮರದಷ್ಟೇ ಈ ಹಡಗನ್ನು ಉಳಿಸಿದ್ದು ಅದರ ನಿರುದ್ಯೋಗ. ನೆಪೋಲಿಯನ್ ವಿರುದ್ಧದ ಯುದ್ಧಕ್ಕೆಂದು ಬೇಡಿಕೆ ಹೋದದ್ದು 1812ರಲ್ಲಿ. ಈ ಹಡಗು ಕಟ್ಟುವ ನಕ್ಷೆಗಳನ್ನು ಹೊತ್ತು ಬೊಂಬಾಯಿಗೆ ಹೊರಟಿದ್ದ ಎಚ್‌ಎಂಎಸ್ ಜಾವಾ ನೌಕೆಯನ್ನು ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಬ್ರೆಜಿಲ್ ಕರಾವಳಿಯ ಬಳಿ ಸೋಲಿಸಿತು. ಮತ್ತೆ ನಕ್ಷೆ ಕಳಿಸಿ ಕೆಲಸ ಶುರುವಾಗುವಷ್ಟರಲ್ಲಿ 1816 ಬಂದಿತ್ತು. ನೆಪೋಲಿಯನ್ ಸೋತ ವಾಟರ್‌ಲೂ ಕದನ ಮುಗಿದು ಹತ್ತಿರಹತ್ತಿರ ವರ್ಷವಾಗಿತ್ತು. 1819ರಲ್ಲಿ ಪೋರ್ಟ್ಸ್‌ಮತ್‌ ಸೇರಿದ ಹೊಸ ಹಡಗಿಗೆ ಚಾವಣಿ ಹೊದಿಸಿ, ಕಾಲು ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನೆ ನಿಲ್ಲಿಸಿದರು.

ನಿಜವಾದ ನೌಕಾಸೇವೆ ಹತ್ತು ವರ್ಷವೂ ಇಲ್ಲ. 1847ರಿಂದ 1850ರವರೆಗೆ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್, 1852ರಿಂದ 1857ರವರೆಗೆ ಪೆಸಿಫಿಕ್. ದೊಡ್ಡ ಕದನವೊಂದನ್ನೂ ಕಾಣಲಿಲ್ಲ. ಹಾಗೆಂದು ಕೈ ಶುದ್ಧವೇನಲ್ಲ: 1856ರಲ್ಲಿ ಈಗಿನ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಬಿಳಿಯ ವಲಸಿಗನೊಬ್ಬನಿಗೆ ಗುಂಡು ಹಾರಿಸಿದ ಕೌವಿಚನ್ ಬುಡಕಟ್ಟಿನವನನ್ನು ಹಿಡಿದು ಗಲ್ಲಿಗೇರಿಸಲು ಅಲ್ಲಿನ ಬ್ರಿಟಿಷ್ ಗವರ್ನರ್ ಡಗ್ಲಸ್ ಹೊರಟದ್ದು ಇದೇ ಹಡಗಿನ ನಾವಿಕರನ್ನು ಕಟ್ಟಿಕೊಂಡು. ಗುಂಡು ತಗುಲಿದವನು ಬದುಕಿಕೊಂಡಿದ್ದ. ಅಲ್ಲಿನ ಒಂದು ಜಲಮಾರ್ಗಕ್ಕೆ ಈಗಲೂ ಟ್ರಿಂಕೋಮಲಿ ಎಂದೇ ಹೆಸರು.

ಆಮೇಲೆ ಮೇಷ್ಟರ ಕೆಲಸ. 1860ರಿಂದ ನೌಕಾ ಮೀಸಲು ಪಡೆಯವರಿಗೆ ತರಬೇತಿ. 1897ರಲ್ಲಿ ಗುಜರಿಗೆ ಮಾರಾಟವಾದಾಗ ವೀಟ್ಲಿ ಕಾಬ್ ಎಂಬ ಶ್ರೀಮಂತರು ಕೊಂಡರು. ಅವರು ಹುಡುಗರ ತರಬೇತಿಗೆ ಇಟ್ಟುಕೊಂಡಿದ್ದ ಫೂಡ್ರೊಯಾಂಟ್ ಎಂಬ ಹಡಗು ಆ ವರ್ಷವೇ ಬ್ಲ್ಯಾಕ್‌ಪೂಲ್‌ನಲ್ಲಿ ಬಿರುಗಾಳಿಗೆ ಒಡೆದುಹೋಗಿತ್ತು. ಅದರ ಹೆಸರನ್ನೇ ಇದಕ್ಕಿಟ್ಟರು. ಎರವಲು ಹೆಸರಿನಲ್ಲೇ 1986ರವರೆಗೆ ಮಕ್ಕಳಿಗೆ ಪಾಠ ನಡೆಯಿತು. ಹಾರ್ಟಲ್‌ಪೂಲ್‌ನಲ್ಲಿ ದುರಸ್ತಿ ನಡೆಯುತ್ತಿದ್ದಾಗ, 1992ರಲ್ಲಿ, ಹಳೆಯ ಹೆಸರು ಮರಳಿತು.

ಅಂದು ನಕ್ಷೆಗಳಿಗೆ ಅಡ್ಡಬಂದ ಕಾನ್‌ಸ್ಟಿಟ್ಯೂಷನ್ ಕೂಡ ಬಾಸ್ಟನ್‌ನಲ್ಲಿ ಇನ್ನೂ ತೇಲುತ್ತಿದೆ, ಇದಕ್ಕಿಂತ 20 ವರ್ಷ ಹಿರಿಯದು.